60 ಷಟ್ಪದಿಗಳನ್ನು ಬಾಯಿಪಾಠ ಮಾಡಿಕೊಂಡ ಬಗೆ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಬೋಧಿಸುವ ನಾನು ನೆನಪಿನ ಪಾಠವನ್ನು ಪ್ರತಿ ವರ್ಷವೂ ಹೇಳುತ್ತಿದ್ದರೂ, ಅದನ್ನು ನನ್ನ ಮೇಲೆಯೇ ಪ್ರಯೋಗಿಸಿ ನೋಡಿದ್ದು 51ನೆಯ ವಯಸ್ಸಿನಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆ, ಕಲಿಯತೊಡಗಿದಾಗ. ಗದುಗಿನ ಭಾರತದಿಂದ ಆಯ್ದ 60 ಪದ್ಯಗಳನ್ನು ಪುಸ್ತಕ ನೋಡದೆ ವಾಚಿಸಬೇಕೆಂದು ನಿಶ್ಚಯಿಸಿಕೊಂಡೆ. ಪುಸ್ತಕವನ್ನು ಮುಂದಿಟ್ಟುಕೊಂಡು ವಾಚಿಸುವುದು ಗಮಕದಲ್ಲಿ ತಪ್ಪಲ್ಲ. ಆದರೆ ಕಣ್ಣು ಅಕ್ಷರಗಳಿಗೆ ಅಂಟಿಕೊಂಡಿದ್ದರೆ ಭಾವ ಹಿಂದೆ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ವಾರ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹತ್ತು ಪದ್ಯಗಳನ್ನು ದಿನಕ್ಕೆ ಇಪ್ಪತ್ತು ಸಲ ಗಟ್ಟಿಯಾಗಿ ಓದಿದೆ. ಓದುವಾಗ ಮುಂದಿನ ಪದ ತಾನಾಗಿಯೇ ನಾಲಿಗೆಗೆ ಬರುತ್ತಿದ್ದುದರಿಂದ ಪಾಠ ಬಂದಿದೆಯೆಂದೇ ನಂಬಿದ್ದೆ. "ಪುಸ್ತಕ ಮುಚ್ಚಿ ಹೇಳಿ ಅಮ್ಮಾ" ಎಂದರು ಗುರುಗಳು. ಮೂರನೆಯ ಪದ್ಯದ ಎರಡನೆಯ ಸಾಲಿಗೆ ನಿಂತುಬಿಟ್ಟೆ. ಕಂಡದ್ದನ್ನು ಗುರುತಿಸುವುದು ಬೇರೆ, ಕಾಣದಿರುವುದನ್ನು ಒಳಗಿನಿಂದ ಎಳೆದು ತರುವುದು ಬೇರೆ. ನಾನು ಅಷ್ಟು ದಿನವೂ ಮೊದಲನೆಯದನ್ನೇ ಅಭ್ಯಾಸ ಮಾಡಿದ್ದೆ.

ಅಲ್ಲಿಂದ ಪಾಠದ ಟಿಪ್ಪಣಿಗಳನ್ನು ಬೇರೆ ಕಣ್ಣಿನಿಂದ ಓದಿದೆ. ಹೆನ್ರಿ ಮೊಲೈಸನ್ ಎಂಬ 27 ವರ್ಷದ ಅಮೆರಿಕನ್ನನಿಗೆ 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಲಾಯಿತು. ಆ ಮೇಲೆ ಭೇಟಿಯಾದವರು ಯಾರೂ ಆತನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ, ಆದರೆ ಬಾಲ್ಯದ ನೆನಪುಗಳು ಉಳಿದಿದ್ದವು. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯನ್ನು ಬಿಡಿಸುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಆತನಿಗೆ ಕೊಟ್ಟಾಗ, ಹಿಂದಿನ ದಿನ ಅದನ್ನು ಮಾಡಿದ್ದೇ ನೆನಪಿಲ್ಲದಿದ್ದರೂ ಕೈ ಮಾತ್ರ ದಿನದಿಂದ ದಿನಕ್ಕೆ ಪಳಗಿತು. ಹೊಸ ಸಂಗತಿಯನ್ನು ನೆನಪಾಗಿ ಕಟ್ಟಲು ಹಿಪೊಕ್ಯಾಂಪಸ್ ಬೇಕು, ಬಹುಕಾಲ ಉಳಿಯುವ ನೆನಪು ಮೆದುಳಿನ ಹೊರಪದರದಲ್ಲಿ ಹರಡಿಕೊಂಡಿರುತ್ತದೆ, ಅಂಗಾಂಗಗಳ ಕೌಶಲಕ್ಕೆ ದಾರಿಯೇ ಬೇರೆ ಎಂಬ ತಿಳಿವಳಿಕೆ ಇಲ್ಲಿಂದ ಬೆಳೆಯಿತು. ರಾಗದ ಎಳೆ ನನ್ನ ಕಂಠಕ್ಕೆ ಬೇಗ ಒಲಿದು, ಪದಗಳು ಮಾತ್ರ ಜಾರುತ್ತಿದ್ದುದಕ್ಕೆ ಕಾರಣ ನನಗೆ ಇದರಲ್ಲಿ ಕಂಡಿತು.

ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್ ಬಳಕೆಯಿಂದ ಬಲಗೊಳ್ಳುತ್ತದೆ ಎಂಬುದನ್ನು ಬ್ಲಿಸ್ ಮತ್ತು ಲೋಮೊ 1973ರಲ್ಲಿ ಮೊಲದ ಹಿಪೊಕ್ಯಾಂಪಸ್‌ನಲ್ಲಿ ತೋರಿಸಿದರು. ಹೀಗೆ ಬಂದ ಬಲ ದಿನಗಟ್ಟಲೆ ಉಳಿಯಬೇಕಾದರೆ ನರಕೋಶವು ಹೊಸ ಪ್ರೋಟೀನುಗಳನ್ನು ತಯಾರಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. 2000ದ ನೊಬೆಲ್ ಪುರಸ್ಕಾರ ಪಡೆದವರಲ್ಲಿ ಒಬ್ಬರಾದ ಎರಿಕ್ ಕ್ಯಾಂಡೆಲ್ ಅವರು ಕಡಲ ಮೃದ್ವಂಗಿಯ ಮೇಲೆ ನಡೆಸಿದ ಕೆಲಸದಲ್ಲಿ, ಬಿಡುವು ಕೊಟ್ಟು ಹಲವು ದಿನ ಕಲಿಸಿದ ಪಾಠ ವಾರಗಳವರೆಗೆ ಉಳಿಯಿತಲ್ಲದೆ ಹೊಸ ಸಿನಾಪ್ಸ್‌ಗಳೂ ಮೂಡಿದವು. ಒಂದೇ ಸಂಜೆ ಇಪ್ಪತ್ತು ಸಲ ಓದಿದ ನಾನು ಈ ಕಟ್ಟುವ ಕೆಲಸಕ್ಕೆ ಕಾಲಾವಕಾಶವನ್ನೇ ಕೊಟ್ಟಿರಲಿಲ್ಲ.

ಆದ್ದರಿಂದ ವಾರಕ್ಕೆ ಎರಡು ದಿನ ಮಾತ್ರ, ದಿನಕ್ಕೆ ಎರಡೇ ಹೊಸ ಪದ್ಯಗಳೆಂದು ಇಟ್ಟುಕೊಂಡೆ. ಮೊದಲು ಅನ್ವಯ ಮಾಡಿ, ಅಂದರೆ ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸಿ, ಅರ್ಥ ಬಿಡಿಸಿಕೊಳ್ಳುತ್ತಿದ್ದೆ, ಏಕೆಂದರೆ ಅರ್ಥವಾಗದ ಸಾಲು ಹಳೆಯ ಯಾವ ನೆನಪಿಗೂ ಹೆಣೆದುಕೊಳ್ಳುವುದಿಲ್ಲ. ಎರಡು ಸಲ ಓದಿ, ಪುಸ್ತಕ ಮುಚ್ಚಿ, ಎಷ್ಟೇ ತಡವರಿಸಿದರೂ ಒಳಗಿನಿಂದಲೇ ಸಾಲನ್ನು ಎಳೆಯುತ್ತಿದ್ದೆ. ಅದೇ ಪದ್ಯವನ್ನು ಮರುದಿನ, ನಾಲ್ಕನೆಯ ದಿನ, ಹತ್ತನೆಯ ದಿನ, ತಿಂಗಳ ಬಳಿಕ ಪುಸ್ತಕವಿಲ್ಲದೆ ಹೇಳುವುದು, ತಪ್ಪಿದರೆ ಮತ್ತೆ ಮರುದಿನದಿಂದ ಎಣಿಕೆ. ಹೊಸ ಪದ್ಯಗಳನ್ನು ರಾತ್ರಿ ಮಲಗುವ ಮುನ್ನವೇ ಕಲಿಯುತ್ತಿದ್ದೆ. ಓಡಾಡಿ ಬಂದ ಇಲಿ ನಿದ್ರಿಸುವಾಗ, ಆ ಓಡಾಟದಲ್ಲಿ ಜೊತೆಯಾಗಿ ಮಿಡಿದಿದ್ದ ಹಿಪೊಕ್ಯಾಂಪಸ್ ಕೋಶಗಳು ಮತ್ತೆ ಜೊತೆಯಾಗಿ ಮಿಡಿಯುವುದನ್ನು 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ದಾಖಲಿಸಿದ್ದರು. ರಾತ್ರಿ ತೊಡರುತ್ತಿದ್ದ ಸಾಲು ಬೆಳಿಗ್ಗೆ ಸರಾಗವಾಗಿ ಬಂದ ದಿನಗಳಲ್ಲಿ ಆ ಇಲಿಗಳನ್ನು ಕೃತಜ್ಞತೆಯಿಂದ ನೆನೆದಿದ್ದೇನೆ.

ಛಂದಸ್ಸು ಮಾಡಿದ ಉಪಕಾರವನ್ನು ಇಲ್ಲಿ ಹೇಳಲೇಬೇಕು. ಭಾಮಿನಿ ಷಟ್ಪದಿಯ ನಾಲ್ಕು ಸಾಲುಗಳಲ್ಲಿ 14 ಮಾತ್ರೆಗಳು, ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆಗಳು, ಒಟ್ಟು 102. ಒಂದು ಪದ ಬದಲಾದರೂ ಮಾತ್ರೆ ಹೆಚ್ಚುಕಡಿಮೆಯಾಗಿ ಕಿವಿಯೇ ತಪ್ಪನ್ನು ಹಿಡಿಯುತ್ತದೆ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವನ್ನು ಬೇಡುವ ಆದಿಪ್ರಾಸವು ಸಾಲಿನ ಬಾಗಿಲಲ್ಲೇ ಸುಳಿವು ಇಟ್ಟಿರುತ್ತದೆ. ಮನಸ್ಸು ಏಕಕಾಲಕ್ಕೆ ಹಿಡಿದಿಡಬಲ್ಲ ಅಂಶಗಳು ಬಹಳ ಕಡಿಮೆಯಾದ್ದರಿಂದ, ಬಿಡಿ ಪದಗಳನ್ನು ಹೀಗೆ ಗಂಟು ಕಟ್ಟಿಕೊಡುವ ಛಂದಸ್ಸಿನ ಬೆಲೆ ನನಗೆ ಕಲಿಯುವಾಗಲೇ ತಿಳಿದದ್ದು.

ಕಷ್ಟವಾದದ್ದು ಪದ್ಯಗಳ ನಡುವಣ ಬೆಸುಗೆ. ಒಂದೊಂದು ಪದ್ಯವೂ ಬಿಡಿಯಾಗಿ ಬರುತ್ತಿತ್ತು, ಆದರೆ ಹಲವು ಪದ್ಯಗಳು "ಕೇಳೆಂದ" ಎಂದೇ ಮುಗಿಯುವುದರಿಂದ ಹನ್ನೆರಡನೆಯದರಿಂದ ನೇರವಾಗಿ ಇಪ್ಪತ್ತನೆಯದಕ್ಕೆ ಹಾರಿಬಿಡುತ್ತಿದ್ದೆ. ಒಂದೇ ಸುಳಿವಿಗೆ ಹಲವು ನೆನಪುಗಳು ಅಂಟಿಕೊಂಡಾಗ ಅವು ಒಂದನ್ನೊಂದು ತಡೆಯುತ್ತವೆ. ಅದಕ್ಕಾಗಿ ಒಂದು ಪದ್ಯದ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲನ್ನೂ ಜೋಡಿಸಿ ಬೇರೆಯಾಗಿಯೇ ಅಭ್ಯಾಸ ಮಾಡಿದೆ. ಚೀಟಿಯಲ್ಲಿ ಪದ್ಯಸಂಖ್ಯೆ ಬರೆದು, ಕೈಗೆ ಬಂದ ಸಂಖ್ಯೆಯಿಂದ ಶುರುಮಾಡಿದೆ. ಮೊದಲಿನಿಂದಲೇ ಹೇಳಿದರೆ ಮಾತ್ರ ಬರುವ ಪಾಠವನ್ನು ನಾನು ಬಂದ ಪಾಠವೆಂದು ಈಗ ಒಪ್ಪುವುದಿಲ್ಲ.

15 ವಾರಗಳಿಗೆ ಕೊನೆಯ ಹೊಸ ಪದ್ಯ ಮುಗಿಯಿತು, ಇನ್ನೊಂದು ತಿಂಗಳು ಬರಿಯ ಆವೃತ್ತಿ. ಗುರುಗಳ ಮನೆಯ ಪಡಸಾಲೆಯಲ್ಲಿ ವಾಚಿಸುವಾಗ 41ನೆಯ ಪದ್ಯದ ನಾಲ್ಕನೆಯ ಸಾಲು ಒಮ್ಮೆಲೇ ಕಾಣದಾಯಿತು. ಹಿಂದಿನ ಮೂರು ಸಾಲುಗಳ ಪ್ರಾಸಾಕ್ಷರವನ್ನು ಮನಸ್ಸಿನಲ್ಲಿ ಹಿಡಿದು, ಆಲಾಪವನ್ನು ಒಂದು ಉಸಿರಿನಷ್ಟು ಬೆಳೆಸಿದೆ. ಅಷ್ಟರಲ್ಲಿ ಸಾಲು ಬಂತು. ಗುರುಗಳು ವ್ಯಾಖ್ಯಾನ ಮುಂದುವರಿಸಿದರು.