‘ಜಸ್ಟ್’ ಕಂಡಾಗ ನಾನು ನೋಡುವುದು

ಇಂಗ್ಲಿಷಿನ ‘ಜಸ್ಟ್’ (just) ಕಂಡ ಕೂಡಲೇ ‘ಕೇವಲ’ ಎಂದು ಬರೆದುಬಿಡುವ ಚಾಳಿ ಕನ್ನಡ ಅನುವಾದದಲ್ಲಿ ಬಹಳ. ಅದು ಯಾವ ಪದಕ್ಕೆ ಅಂಟಿಕೊಂಡಿದೆ ಎಂದು ನಾನು ಮೊದಲು ನೋಡುತ್ತೇನೆ. ಕನ್ನಡದಲ್ಲಿ ಅದರ ಕೆಲಸವನ್ನು ಹೆಚ್ಚಾಗಿ ಪದದ ಬೆನ್ನಿಗೆ ಹತ್ತುವ ‘ಏ’, ‘ಅಷ್ಟೇ’, ‘ತಾನೇ’ಗಳೇ ಮಾಡಿಮುಗಿಸುತ್ತವೆ.

‘ಜಸ್ಟ್ ಟು ಪೀಪಲ್’ ಎಂದರೆ ಇಬ್ಬರೇ. ‘ಕೇವಲ ಇಬ್ಬರೇ ಮಾತ್ರ’ ಎಂದು ಒಂದೇ ಅರ್ಥವನ್ನು ಮೂರು ಸಲ ಹೇರುವುದು ಬೇಡ. ಅಳತೆಯಲ್ಲಿ ಎಚ್ಚರ ಬೇಕು: ‘ಜಸ್ಟ್ ಓವರ್ 5 ಕಿಲೋ’ ಅಂದರೆ 5 ಕಿಲೋಗಿಂತ ಚೂರು ಹೆಚ್ಚು. ಇಲ್ಲಿ ‘ಕೇವಲ’ ಹಾಕಿದರೆ ಲೆಕ್ಕವೇ ಅಡ್ಡಾದಿಡ್ಡಿ.

ಆಗಿಹೋದ ಕೆಲಸದ ಜೊತೆ ಬಂದರೆ ಸಾಮಾನ್ಯವಾಗಿ ಕಾಲದ ಮಾತು. ‘ಐ ಹ್ಯಾವ್ ಜಸ್ಟ್ ಈಟನ್’: ಈಗ ತಾನೇ ಊಟ ಆಯ್ತು. ಅಮೆರಿಕದವರು ಇದನ್ನೇ ‘ಐ ಜಸ್ಟ್ ಏಟ್’ ಅನ್ನುವುದುಂಟು. ‘ಹ್ಯಾವ್’ ಕಾಣಲಿಲ್ಲವೆಂದು ‘ಸುಮ್ಮನೆ ತಿಂದೆ’ ಮಾಡಿದರೆ ಕೆಟ್ಟಿತು. ‘ಹಿ ಜಸ್ಟ್ ಪಾಸ್ಡ್’ ಮಾತ್ರ ನಿಜಕ್ಕೂ ಇಬ್ಬಂದಿ. ಈಗಷ್ಟೇ ಪಾಸಾದನೋ, ಹೇಗೋ ದಡ ಸೇರಿದನೋ ಎನ್ನುವುದನ್ನು ಹಿಂದಿನ ವಾಕ್ಯವೇ ಹೇಳಬೇಕು. ‘ಜಸ್ಟ್ ಅಬೌಟ್ ಟು ಲೀವ್’ ಅಂದರೆ ಇನ್ನೇನು ಹೊರಡಬೇಕು. ‘ಟು’ ಇಲ್ಲದ ‘ಜಸ್ಟ್ ಅಬೌಟ್ ರೆಡಿ’ ಅಂದರೆ ಹೆಚ್ಚುಕಡಿಮೆ ಸಿದ್ಧ.

ಹೆಚ್ಚು ಜನ ಎಡವುವುದು ‘ಇಲ್ಲ’ ಸೇರಿದಾಗ. ‘ಐ ಜಸ್ಟ್ ಡೋಂಟ್ ಲೈಕ್ ಇಟ್’: ನನಗದು ಹಿಡಿಸಲ್ಲ, ಅಷ್ಟೇ. ‘ಐ ಡೋಂಟ್ ಜಸ್ಟ್ ಲೈಕ್ ಇಟ್’: ಬರೀ ಇಷ್ಟವಲ್ಲ, ಅದಕ್ಕಿಂತ ಹೆಚ್ಚು. ‘ಜಸ್ಟ್’ ಒಂದು ಹೆಜ್ಜೆ ಜರುಗಿತು, ಬೇಡವಾದದ್ದು ಬಲು ಇಷ್ಟವಾಯಿತು! ಇಂಥ ಕಡೆ ನಾನು ವಾಕ್ಯವನ್ನು ಜೋರಾಗಿ ಓದಿ, ‘ಡೋಂಟ್’ ಮುಂದೋ ಹಿಂದೋ ಎಂದು ಗುರುತು ಹಾಕಿಕೊಂಡೇ ಮುಂದುವರಿಯುವುದು.

‘ಎ ಜಸ್ಟ್ ಡಿಸಿಷನ್’ನಂತೆ ನಾಮಪದವನ್ನು ಬಣ್ಣಿಸುತ್ತಿದ್ದರೆ ಅದು ‘ನ್ಯಾಯವಾದ’. ‘ಜಸ್ಟಿಸ್’ನ ನಂಟು, ಗೊಂದಲವಿಲ್ಲ.

ಕೋರಿಕೆಯಲ್ಲಿ ಬರುವ ‘ಜಸ್ಟ್’ಗೆ ನಿಘಂಟಿನ ಅರ್ಥ ಹುಡುಕಿದರೆ ಮಾತು ಒರಟಾಗುತ್ತದೆ. ಅದು ಕೆಲಸ ಚಿಕ್ಕದು ಎಂದು ತೋರಿಸುವ ನಯ. ‘ಕುಡ್ ಯೂ ಜಸ್ಟ್ ಸೈನ್ ಹಿಯರ್’ ಅನ್ನು ‘ನೀವು ಕೇವಲ ಇಲ್ಲಿ ಸಹಿ ಮಾಡಬಹುದೇ’ ಎಂದರೆ ಪೊಲೀಸ್ ವಿಚಾರಣೆಯಂತೆ ಕೇಳುತ್ತದೆ. ‘ಇಲ್ಲೊಂದು ಸಹಿ ಹಾಕಿಬಿಡಿ’ ಅನ್ನಿ: ‘ಒಂದು’ ಮತ್ತು ‘ಬಿಡಿ’ ಸೇರಿ ‘ಜಸ್ಟ್’ ಆಯಿತು.