ಆರೋಪಿ ಸಿಗದಿದ್ದರೂ ಪರಿಹಾರ ಕೇಳಬಹುದು: ಮಂಡ್ಯದಲ್ಲಿ ನಾನು ಅರ್ಜಿ ಹಾಕಿಸಿದ ಬಗೆ

ನಾನು ಮಂಡ್ಯ ಜಿಲ್ಲೆಯಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್. ಕಾನೂನು ಸೇವಾ ಪ್ರಾಧಿಕಾರದ ಕಡೆಯಿಂದ ಹಳ್ಳಿಗಳಿಗೆ ಹೋಗುತ್ತೇನೆ. ಏಟು ತಿಂದವರಿಗೆ, ಮನೆಯವರನ್ನು ಕಳೆದುಕೊಂಡವರಿಗೆ ಅರ್ಜಿ ಬರೆದುಕೊಡುತ್ತೇನೆ, ಬೇಕಾದರೆ ಠಾಣೆಗೂ ಕೋರ್ಟಿಗೂ ಜೊತೆಗೆ ಹೋಗುತ್ತೇನೆ. ಎಲ್ಲಿ ಹೋದರೂ ಜಾಸ್ತಿ ಕೇಳುವ ಮಾತು ಒಂದೇ: "ಹೊಡೆದೋನೇ ಸಿಕ್ಕಿಲ್ಲ, ಇನ್ನು ಪರಿಹಾರ ಎಲ್ಲಿಂದ ಬರ್ಬೇಕು ಬಿಡಿ." ಆ ಮಾತು ನಂಬಿ ಎಷ್ಟೋ ಮನೆಯವರು ಸುಮ್ನೆ ಕೂತುಬಿಟ್ಟಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮದ್ದೂರು ತಾಲ್ಲೂಕಿನ ಒಬ್ಬ ರೈತರ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಕಟ್ಟಲು ಹೋಗಿದ್ದರು. ಪಂಪ್‌ಸೆಟ್ ಕೇಬಲ್ ಕದಿಯಲು ಬಂದವರು ಕಣ್ಣಿಗೆ ಬಿದ್ದರು. ಕೂಗಿಕೊಂಡಾಗ ಅವರಲ್ಲೊಬ್ಬ ಮಚ್ಚು ಬೀಸಿದ. ಬಲಗೈ ನರ ತುಂಡಾಯಿತು. ಮೊದಲು ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್, ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆ.

ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವರ ಹೆಂಡತಿ ಸೋತು ಹೋಗಿದ್ದರು. ಮೈಸೂರಿನ ಒಂದು ಠಾಣೆಯಲ್ಲಿ "ನಿಮ್ಮದು ಮಂಡ್ಯ ಜಿಲ್ಲೆ, ಅಲ್ಲೇ ಹೋಗಿ ಕೊಡಿ" ಎಂದು ಕಳಿಸಿದ್ದರು. ಗಂಡನನ್ನು ವಾರ್ಡಿನಲ್ಲಿ ಬಿಟ್ಟು ಹೇಗೆ ಹೋಗುವುದು, ಅಲ್ವಾ? ಹೋಗಬೇಕಾಗಿಯೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯವರಾದರೂ ದೂರು ದಾಖಲಿಸಿಕೊಳ್ಳಬೇಕು. ಝೀರೋ ಎಫ್‌ಐಆರ್ ಎನ್ನುವುದು ಇದನ್ನೇ. ದಾಖಲಾದ ದೂರಿನ ಒಂದು ಪ್ರತಿಯನ್ನು ಕೂಡಲೇ, ಒಂದು ಪೈಸೆಯನ್ನೂ ಕೇಳದೆ ಕೊಡಬೇಕು. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ನಾವು ಕಲಮಿನ ನಂಬರನ್ನೇ ಬರೆದು ಲಿಖಿತ ದೂರು ಕೊಟ್ಟೆವು. ತೆಗೆದುಕೊಂಡರು. ಬಾಯಿಮಾತಿಗೆ ಇಲ್ಲ ಎಂದ ಕಡೆಯೂ ಕಾಗದಕ್ಕೆ ಇಲ್ಲ ಎನ್ನುವುದು ಕಷ್ಟ.

ಆಮೇಲೆ ಡಿಸ್ಚಾರ್ಜ್ ಕಾಗದ. ಇದನ್ನು ಎಲ್ಲರೂ ಗಮನವಿಟ್ಟು ನೋಡಬೇಕು. ಎಷ್ಟೋ ಮನೆಯವರು ಹೆದರಿಕೆಗೆ ಆಸ್ಪತ್ರೆಯಲ್ಲಿ "ಬಿದ್ದು ಏಟಾಯ್ತು" ಎಂದುಬಿಡುತ್ತಾರೆ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ಮುಂದೆ ಪರಿಹಾರಕ್ಕೂ ಕೇಸಿಗೂ ಆ ಒಂದು ಸಾಲು ಅಡ್ಡ ಬರುತ್ತದೆ. ಈ ಅಕ್ಕನೂ ಹಿಂಜರಿಯುತ್ತಿದ್ದರು. "ಹಿಂಗೆ ಬರ್ಸಿದ್ರೆ ನಾಳೆ ಅವ್ರು ಮನೆತಕೇ ಬಂದ್ರೆ ಏನ್ ಮಾಡದಣ್ಣಾ?" ಎಂದು ಕೇಳಿದರು. ಆ ಭಯ ಸುಳ್ಳಲ್ಲ. ಅದಕ್ಕೂ ದಾರಿ ಇದೆ. ಸುಪ್ರೀಂ ಕೋರ್ಟ್ ಒಪ್ಪಿದ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಪೊಲೀಸರು ಬೆದರಿಕೆ ಎಷ್ಟಿದೆ ಎಂದು ವರದಿ ಕೊಡುತ್ತಾರೆ, ಅದನ್ನು ನೋಡಿ ರಕ್ಷಣೆ ಕೊಡುತ್ತಾರೆ. ಇಷ್ಟು ತಿಳಿದ ಮೇಲೆ ಅವರು ಧೈರ್ಯ ಮಾಡಿ ನಡೆದದ್ದನ್ನು ನಡೆದ ಹಾಗೇ ಹೇಳಿದರು. ಅಪರಿಚಿತರಿಂದ ಹಲ್ಲೆ ಎಂದೇ ದಾಖಲಾಯಿತು.

ದಿನ ಕಳೆದರೂ ಆರೋಪಿಗಳ ಸುಳಿವು ಸಿಗಲಿಲ್ಲ. 'ಸಿ' ರಿಪೋರ್ಟ್ ಹಾಕುತ್ತಾರಂತೆ ಎಂಬ ಸುದ್ದಿ ಊರಲ್ಲಿ ಹರಡಿತು. ಪತ್ತೆಯಾಗದ ಕೇಸು ಎಂದು ಕೋರ್ಟಿಗೆ ಕೊಡುವ ವರದಿ ಅದು. ಊರಿನವರು ಎಲ್ಲ ಮುಗಿಯಿತು ಎಂದರು. ನನ್ನ ಪ್ರಕಾರ ಕೆಲಸ ಶುರುವಾಗಿದ್ದೇ ಅಲ್ಲಿಂದ.

ಅದೇ ಸಂಹಿತೆಯ 396ನೇ ಕಲಮು ಇರುವುದೇ ಅಪರಾಧದಿಂದ ನೊಂದವರಿಗಾಗಿ. ಹಳೆಯ ಕಾನೂನಾದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 357ಎ ಆಗಿತ್ತು, ಕರ್ನಾಟಕದ 2011ರ ಪರಿಹಾರ ಯೋಜನೆ ಅದರಡಿ ಬಂದದ್ದು. ಆರೋಪಿ ಯಾರೆಂದು ಗೊತ್ತಾಗದೆ, ವಿಚಾರಣೆಯೇ ನಡೆಯದಿದ್ದರೂ, ನೊಂದವರು ಅಥವಾ ಅವರನ್ನು ನಂಬಿಕೊಂಡವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಹಣ ಕೊಡುವುದು ಸರ್ಕಾರ. ಪ್ರಾಧಿಕಾರದವರು ಎರಡು ತಿಂಗಳೊಳಗೆ ಅರ್ಜಿಯ ವಿಚಾರಣೆ ಮುಗಿಸಬೇಕು.

ಅರ್ಜಿಯ ಜೊತೆ ಇಟ್ಟಿದ್ದು ಇಷ್ಟು: ಎಫ್‌ಐಆರ್ ಪ್ರತಿ, ಗಾಯದ ಸರ್ಟಿಫಿಕೇಟ್, ಡಿಸ್ಚಾರ್ಜ್ ಕಾಗದ, ಔಷಧಿ ಬಿಲ್ಲುಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ. ಪಹಣಿ ಯಾಕೆ ಅಂದರೆ, ಅವರು ಸ್ವಂತ ಕೈಯಲ್ಲಿ ದುಡಿದು ತಿನ್ನುವವರು ಎಂದು ತೋರಿಸಬೇಕಿತ್ತು. ಬಲಗೈಯಲ್ಲಿ ಕುಡುಗೋಲು ಹಿಡಿಯಲಾಗದ ಮನುಷ್ಯನ ನಷ್ಟ ಆಸ್ಪತ್ರೆ ಬಿಲ್ಲಿನಲ್ಲಿ ಕಾಣುವುದಿಲ್ಲ. ಅದನ್ನು ಅರ್ಜಿಯಲ್ಲೇ ಬಿಡಿಸಿ ಬರೆದೆ: ಎಷ್ಟು ಗುಂಟೆ ಕಬ್ಬು, ಈಗ ಕೂಲಿಗೆ ಯಾರನ್ನು ಕರೆಯಬೇಕು, ಹಾಲು ಕರೆಯುವುದು ಯಾರು.

ತಕ್ಷಣದ ಖರ್ಚಿಗೆ ಮಧ್ಯಂತರ ಪರಿಹಾರವನ್ನೂ ಕೇಳಿದೆವು. ಠಾಣೆಯ ಇನ್‌ಚಾರ್ಜ್ ಅಧಿಕಾರಿ ಅಥವಾ ಆ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಒಂದು ಪ್ರಮಾಣಪತ್ರ ಕೊಟ್ಟರೆ ಉಚಿತ ಚಿಕಿತ್ಸೆಗೆ ಅಥವಾ ಮಧ್ಯಂತರ ನೆರವಿಗೆ ಪ್ರಾಧಿಕಾರ ಆದೇಶಿಸಬಹುದು. ಈ ಪ್ರಮಾಣಪತ್ರದ ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಎರಡು ಪ್ರತಿ ಪತ್ರ ಬರೆದು, ಒಂದನ್ನು ಠಾಣೆಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಂಡೆವು. ಅಂತಿಮ ಆದೇಶ ಬಂದಾಗ ಹಣ ನೇರವಾಗಿ ಅವರ ಖಾತೆಗೆ ಬಿತ್ತು. ಕೈ ಮೊದಲಿನಂತಾಗಲಿಲ್ಲ, ಆದರೆ ಚಿಕಿತ್ಸೆಗೆಂದು ಮಾಡಿದ ಕೈಸಾಲ ತೀರಿತು.

ಪರಿಹಾರ ಬಂತು ಎಂದು ಕೇಸು ಬಿಡಬೇಕಿಲ್ಲ. ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು 90 ದಿನದೊಳಗೆ ನೊಂದವರಿಗೆ ತಿಳಿಸಬೇಕು. ಇದು 193ನೇ ಕಲಮು, ಮೊಬೈಲ್ ಮೆಸೇಜಿನಲ್ಲಾದರೂ ಸರಿ. ಮುಂದೆ ಆರೋಪಿ ಸಿಕ್ಕಿ ಕೇಸು ನಡೆದರೆ, ಸರ್ಕಾರಿ ವಕೀಲರಿಗೆ ನೆರವಾಗಲು ಕೋರ್ಟಿನ ಅನುಮತಿ ಪಡೆದು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು. ಸರ್ಕಾರ ಕೇಸು ವಾಪಸ್ ತೆಗೆದುಕೊಳ್ಳುವುದಾದರೆ ಕೋರ್ಟು ನಿಮ್ಮ ಮಾತನ್ನೂ ಕೇಳಬೇಕು. ಆರೋಪಿ ಖುಲಾಸೆಯಾದರೆ ಮೇಲ್ಮನವಿ ಹಾಕುವ ಹಕ್ಕು ನಿಮಗೇ ಇದೆ.

ಅರ್ಜಿಗೆ ವಕೀಲರ ಫೀಸು ಕೊಡಬೇಕು ಎಂದು ಹಿಂಜರಿಯಬೇಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಮಂಡ್ಯದವರಾದರೂ ಮೈಸೂರಿನವರಾದರೂ ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅಷ್ಟು ದೂರ ಬರಲು ಆಗದವರು 15100ಕ್ಕೆ ಫೋನ್ ಮಾಡಿ.