ಋಣ ಸಂಖ್ಯೆಗಳನ್ನು ಕೂಡಿಸಿ ಕಳೆಯಲು ಕಲಿಸುವುದು: ಹುಣಸೆ ಬೀಜದ ದಾರಿ

ಮಕ್ಕಳ ನೋಟ್‌ಪುಸ್ತಕ ತಿದ್ದುವಾಗ −3 − 5 = 8 ಎಂಬ ಉತ್ತರ ನನಗೆ ಎಷ್ಟು ಸಲ ಎದುರಾಗಿದೆಯೋ ಲೆಕ್ಕವಿಲ್ಲ. ಹಾಗೆ ಬರೆದ ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿದರೆ, "ಮೈನಸ್ಸು ಮೈನಸ್ಸು ಪ್ಲಸ್ಸು ಅಲ್ಲವಾ ಸರ್?" ಎಂಬ ಮರುಪ್ರಶ್ನೆ ಬರುತ್ತದೆ. ಆ ಮಗು ಅಸಡ್ಡೆಯಿಂದ ತಪ್ಪಿಲ್ಲ. ನಾವು ಬಾಯಿಪಾಠ ಮಾಡಿಸಿದ ಮಾತನ್ನು ಶ್ರದ್ಧೆಯಿಂದ ಪಾಲಿಸಿದೆ. ಆದ್ದರಿಂದ ಈ ಪಾಠದಲ್ಲಿ ಸೂತ್ರ ಕೊನೆಗೆ ಬರಬೇಕು, ಅದೂ ಮಕ್ಕಳ ಬಾಯಿಂದಲೇ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಓದುವ ಕ್ರಮವನ್ನು ಸರಿಪಡಿಸಿ. ಒಂದೇ ಅಡ್ಡಗೆರೆ ಎರಡು ಕೆಲಸ ಮಾಡುತ್ತದೆ: ಒಂದು ಕಡೆ ಅದು ಸಂಖ್ಯೆಯ ಗುಣವನ್ನು ಹೇಳುತ್ತದೆ, ಇನ್ನೊಂದು ಕಡೆ ಕಳೆಯಬೇಕೆಂದು ಸೂಚಿಸುತ್ತದೆ. ಎರಡನ್ನೂ 'ಮೈನಸ್' ಎಂದೇ ಓದಿಸಿದರೆ ಗೊಂದಲ ಖಂಡಿತ. −3 − (−5) ಎಂಬುದನ್ನು "ಋಣ ಮೂರರಿಂದ ಋಣ ಐದನ್ನು ಕಳೆ" ಎಂದು ಓದಿಸಿ ನೋಡಿ. ಯಾವುದರಿಂದ ಯಾವುದನ್ನು ತೆಗೆಯಬೇಕು ಎಂಬುದನ್ನು ಕನ್ನಡದ ವಿಭಕ್ತಿಯೇ ತೋರಿಸಿಕೊಡುತ್ತದೆ. ಋಣವೆಂದರೆ ಸಾಲ, ಧನವೆಂದರೆ ಕೈಯಲ್ಲಿರುವ ಹಣ. ಬ್ರಹ್ಮಗುಪ್ತನು 628ರಲ್ಲಿ ರಚಿಸಿದ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಈ ಲೆಕ್ಕಗಳ ನಿಯಮಗಳನ್ನು ಹೇಳಿದ್ದು ಧನ, ಋಣ ಎಂಬ ಇವೇ ಪದಗಳಲ್ಲಿ.

ಇನ್ನು ಸಾಮಗ್ರಿ. ಚೌಕಾಬಾರ ಆಡಲು ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳುತ್ತಾರಲ್ಲ, ಅಂಥ ಇಪ್ಪತ್ತು ಬೀಜಗಳು ಪ್ರತಿ ಮಗುವಿನ ಮುಂದಿರಲಿ. ಬಿಳಿ ಮಗ್ಗುಲು ಮೇಲಿದ್ದರೆ ಧನ ಒಂದು, ಕಂದು ಮಗ್ಗುಲು ಮೇಲಿದ್ದರೆ ಋಣ ಒಂದು. ಒಂದು ಬಿಳಿ, ಒಂದು ಕಂದು ಜೋಡಿಯಾದರೆ ಅದರ ಬೆಲೆ ಸೊನ್ನೆ; ಹತ್ತು ರೂಪಾಯಿ ಸಾಲವಿದ್ದವನ ಕೈಗೆ ಹತ್ತು ರೂಪಾಯಿ ಬಂದರೆ ಲೆಕ್ಕ ಚುಕ್ತಾ ಆದಂತೆ.

ಕೂಡುವುದು ಇಲ್ಲಿ ಬೇಗ ಮುಗಿಯುತ್ತದೆ. 3 + (−5) ಎಂದರೆ ಮೂರು ಬಿಳಿ, ಐದು ಕಂದು. ಮೂರು ಜೋಡಿಗಳನ್ನು ಪಕ್ಕಕ್ಕೆ ಸರಿಸಿದರೆ ಎರಡು ಕಂದು ಉಳಿದು ಉತ್ತರ −2 ಆಗುತ್ತದೆ.

ಕಳೆಯುವುದಕ್ಕೆ ಮಾತ್ರ ಧಾರಾಳವಾಗಿ ಸಮಯ ಕೊಡಿ, ಲೆಕ್ಕಗಳ ಅನುಕ್ರಮವನ್ನೂ ಯೋಚಿಸಿ ಆರಿಸಿ. −5 − (−3) ಮೊದಲು ಬರಲಿ: ಐದು ಕಂದು ಬೀಜಗಳಲ್ಲಿ ಮೂರನ್ನು ಎತ್ತಿಕೊಂಡರೆ ಎರಡು ಕಂದು ಉಳಿಯುತ್ತವೆ, ಯಾವ ನಿಯಮವೂ ಬೇಕಾಗುವುದಿಲ್ಲ. ಆಮೇಲೆ 2 − (−5) ಕೊಡಿ. ಎರಡು ಬಿಳಿ ಬೀಜಗಳಷ್ಟೇ ಇವೆ, ತೆಗೆಯಬೇಕಾದದ್ದು ಐದು ಕಂದು. "ಕಂದು ಇಲ್ಲವೇ ಇಲ್ಲವಲ್ಲ" ಎಂದು ಮಕ್ಕಳು ತಡೆದು ನಿಲ್ಲುತ್ತಾರೆ. ಆ ಮೌನವನ್ನು ಅವಸರದಿಂದ ತುಂಬಬೇಡಿ. ಬೆಲೆ ಬದಲಾಗದಂತೆ ಏನನ್ನು ಸೇರಿಸಬಹುದು ಎಂದಷ್ಟೇ ಕೇಳಿ. ಸೊನ್ನೆಯ ಜೋಡಿಗಳನ್ನು ಸೇರಿಸಬಹುದೆಂದು ಯಾರಾದರೂ ಒಬ್ಬರಿಗೆ ಹೊಳೆಯುತ್ತದೆ. ಐದು ಜೋಡಿ ಇಟ್ಟು, ಅವುಗಳಲ್ಲಿನ ಐದು ಕಂದು ಬೀಜಗಳನ್ನು ತೆಗೆದರೆ ಏಳು ಬಿಳಿ ಉಳಿಯುತ್ತವೆ. ಋಣ ಐದನ್ನು ತೆಗೆದದ್ದು ಧನ ಐದನ್ನು ಕೂಡಿಸಿದ್ದಕ್ಕೆ ಸಮವಾಯಿತು ಎಂಬುದನ್ನು ಮಗು ತನ್ನ ಬೆರಳುಗಳಿಂದಲೇ ಕಂಡುಕೊಂಡಿರುತ್ತದೆ. 2 − 5 ಕೂಡ ಇದೇ ಉಪಾಯದಿಂದ ಬಿಡುತ್ತದೆ: ಮೂರು ಜೋಡಿ ಸೇರಿಸಿ ಐದು ಬಿಳಿ ತೆಗೆದರೆ ಮೂರು ಕಂದು, ಅಂದರೆ −3.

ದೊಡ್ಡ ಸಂಖ್ಯೆಗಳಿಗೆ ಬೀಜಗಳು ಸಾಲವು. ಆಗ ಸಂಖ್ಯಾರೇಖೆಗೆ ಹೋಗಬೇಕು. ಕಳೆಯುವುದೆಂದರೆ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ದಿಕ್ಕಿನ ಸಮೇತ ಅಳೆಯುವುದು ಎಂಬ ಅರ್ಥ ಅಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ. ಹಿಮ ಬೀಳುವ ಊರೊಂದರಲ್ಲಿ ರಾತ್ರಿ −6 ಡಿಗ್ರಿ ಇದ್ದದ್ದು ಹಗಲಿಗೆ 9 ಡಿಗ್ರಿ ಆಯಿತೆಂದರೆ ಏರಿಕೆ 9 − (−6). ರೇಖೆಯ ಮೇಲೆ ಸೊನ್ನೆಯವರೆಗೆ ಆರು ಹೆಜ್ಜೆ, ಅಲ್ಲಿಂದ ಮುಂದಕ್ಕೆ ಒಂಬತ್ತು, ಒಟ್ಟು 15. ಇನ್ನೂ ಅನುಮಾನವಿರುವವರಿಗಾಗಿ 3 − 2, 3 − 1, 3 − 0, 3 − (−1) ಎಂದು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. 1, 2, 3 ಎಂದು ಏರುತ್ತ ಬಂದ ಉತ್ತರ ಮುಂದಿನ ಸಾಲಿನಲ್ಲಿ 4 ಅಲ್ಲದೆ ಬೇರೇನು ಆಗಬಲ್ಲದು ಎಂದು ಅವರೇ ಹೇಳಲಿ.

ಕೊನೆಗೆ −3 − 5ಕ್ಕೆ ಮರಳಿ. ಋಣ ಮೂರರಿಂದ ಧನ ಐದನ್ನು ಕಳೆಯಬೇಕು ಎಂದು ಓದಿಸಿ, ಬೀಜ ಹೂಡಿಸಿ. ಮೂರು ಕಂದು ಬೀಜಗಳ ಪಕ್ಕ ಐದು ಜೋಡಿ ಇಟ್ಟು ಐದು ಬಿಳಿ ಎತ್ತಿಕೊಂಡ ಮಗುವಿನ ಮುಂದೆ ಎಂಟು ಕಂದು ಬೀಜಗಳು ಉಳಿದಿರುತ್ತವೆ. ಹಳೆಯ ಉತ್ತರವನ್ನು ನೀವು ಕೆಂಪು ಶಾಯಿಯಲ್ಲಿ ಹೊಡೆಯಬೇಡಿ. ಪೆನ್ಸಿಲನ್ನು ಮಗುವಿನ ಕೈಗೆ ಕೊಡಿ.